ನಾಲ್ಕನೇ ತಿಂಗಳ ಸರಿ ಗುರುತು

ತಾರೀಖು ಹದಿನೆಂಟು, ಬುಧವಾರ ಮಧ್ಯಾಹ್ನ

ಮಗಳೇ,

ನಿನಗೂ ಮೊಮ್ಮಗಳು ಡುಮ್ಮಿಗೂ ಅಳಿಯಂದಿರಿಗೂ ಅಮ್ಮನ ಆಶೀರ್ವಾದ. ನೀನು ಹಾಸ್ಟೆಲಿನಲ್ಲಿದ್ದಾಗ ಬರೆದದ್ದು ಬಿಟ್ಟರೆ ನಿನಗೆ ನಾನು ಕಾಗದ ಬರೆದೇ ಇಲ್ಲ. ದಿನಾ ಫೋನ್ ಮಾಡುವ ಅಮ್ಮ ಇದೇನು ಲಕೋಟೆ ಕಳಿಸಿದಳು ಎಂದು ಗಾಬರಿಯಾಗಬೇಡ. ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ನನ್ನ ಮಂಡಿನೋವೂ ಇದ್ದ ಹಾಗೇ ಇದೆ. ನಿನ್ನಪ್ಪ ಬೆಳಿಗ್ಗೆಯೇ ಡ್ಯೂಟಿಗೆ ಬಸ್ಸು ತೆಗೆದುಕೊಂಡು ಹೋದರು. ನಾನು ಆಸ್ಪತ್ರೆಯ ಕೆಲಸಕ್ಕೆ ರಜೆ ಹಾಕಿ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದೇನೆ. ಬರೆಯಬೇಕಾದ ಮಾತು ಫೋನಿನಲ್ಲಿ ಹೇಳಲು ಆಗುವುದಿಲ್ಲ. ಅರ್ಧಕ್ಕೆ ನೀನು ಅಳುತ್ತೀಯ. ನಿನ್ನ ಅಳು ನಿಲ್ಲಿಸಲು ಹೋಗಿ ನಾನು ಸುಳ್ಳು ಹೇಳಿಬಿಡುತ್ತೇನೆ. ಭಾನುವಾರ ಆದದ್ದು ಅದೇ.

ಭಾನುವಾರ ನೀನು ಡುಮ್ಮಿಗೆ ಕಿವಿಯ ಯಂತ್ರ ಹಾಕಿಸಿಕೊಂಡು ಬಂದ ಸುದ್ದಿ ಹೇಳಿದೆ. ಯಂತ್ರ ಚಾಲೂ ಮಾಡಿದ ಕೂಡಲೇ ಬೆರಳು ಚೀಪುವುದನ್ನು ನಿಲ್ಲಿಸಿ ಸೂರು ನೋಡಿದಳಂತೆ. ಯಾರೋ ಬಾಗಿಲು ಎಳೆದುಕೊಂಡದ್ದಕ್ಕೆ ಬೆಚ್ಚಿ ಅತ್ತಳಂತೆ. ಅವಳು ಅತ್ತಳೆಂದು ನೀನೂ ಅಳಿಯಂದಿರೂ ನಕ್ಕಿರಂತೆ. ಅಲ್ಲಿಯವರೆಗೆ ನಿನ್ನ ದನಿ ಸರಿಯಾಗಿಯೇ ಇತ್ತು. ಆಮೇಲೆ ಕಿವಿ ಡಾಕ್ಟರು ಕೇಳಿದ್ದನ್ನು ಹೇಳಿದೆ. ಇಷ್ಟು ಮಂದ ಇದೆ, ಮೊದಲೇ ಯಾರಿಗೂ ಅನುಮಾನ ಬರಲಿಲ್ಲವೇ, ಆರು ತಿಂಗಳೊಳಗೆ ಹಾಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದರಂತೆ. ಹೆತ್ತವಳಿಗೆ ಗಮನ ಇದ್ದಿದ್ದರೆ ಗೊತ್ತಾಗುತ್ತಿತ್ತು ಎಂದು ನಿನ್ನ ಅತ್ತೆ ಅಲ್ಲೇ ಅಂದರಂತೆ. ಇದನ್ನೆಲ್ಲ ನೀನು ಸಿಟ್ಟಿನಿಂದ ಹೇಳಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ನೀನು ಒಪ್ಪಿಕೊಂಡವಳ ಹಾಗೆ ಹೇಳಿದೆ. "ಅವರು ಹೇಳೋದು ಸರೀನೇ ಅಮ್ಮ. ಆಗ ನಾನು ಗೋಡೆ ನೋಡ್ಕೊಂಡು ಕೂತಿರ್ತಿದ್ದೆ, ನನಗೇನು ಗೊತ್ತಾಗ್ಬೇಕಿತ್ತು" ಎಂದೆ. ಆಮೇಲೆ, ನಿನಗೆ ಯಾವಾಗ ಅನುಮಾನ ಬಂತು ಎಂದು ನನ್ನನ್ನು ಕೇಳಿದೆ.

ಒಂಬತ್ತನೇ ತಿಂಗಳ ಚುಚ್ಚುಮದ್ದಿಗೆ ಬಂದ ದಿನ, ನಮ್ಮ ಆಸ್ಪತ್ರೆಯ ಹೊಸ ಸಿಸ್ಟರ್ ಗಿಲಕಿ ಆಡಿಸಿದಾಗಲೇ ಎಂದೆ ನಾನು.

ಅದು ಸುಳ್ಳು, ಮಗಳೇ. ನನಗೆ ಅದಕ್ಕಿಂತ ಐದೂವರೆ ತಿಂಗಳು ಮೊದಲೇ ಗೊತ್ತಿತ್ತು.

ಬರೆದಾಯಿತು. ಒಂದು ಲೋಟ ನೀರು ಕುಡಿದು ಬಂದು ಮುಂದಿನದನ್ನು ಬರೆಯುತ್ತಿದ್ದೇನೆ. ಓದುವುದನ್ನು ಇಲ್ಲಿಗೇ ನಿಲ್ಲಿಸಬೇಡ.

ಹೆರಿಗೆಯಾದ ಮೇಲೆ ನೀನು ನಮ್ಮಲ್ಲಿ ಇದ್ದೆಯಲ್ಲ, ಆ ತಿಂಗಳುಗಳು ನಿನಗೆ ಅರ್ಧಂಬರ್ಧ ನೆನಪಿರಬಹುದು. ತಲೆ ಬಾಚಿಕೊಳ್ಳುತ್ತಿರಲಿಲ್ಲ. ಮಗುವನ್ನು ತೊಡೆಯ ಮೇಲಿಟ್ಟರೆ ಹಾಲು ಕುಡಿಸುತ್ತಿದ್ದೆ, ಎತ್ತಿಕೊಂಡು ಹೋದರೆ ಸುಮ್ಮನಿರುತ್ತಿದ್ದೆ. ಮನಸ್ಸಿನ ಕಾಯಿಲೆಗೆಂದು ಡಾಕ್ಟರಮ್ಮ ಕೊಟ್ಟ ಮಾತ್ರೆಯನ್ನು ನಾನೇ ನಿನ್ನ ಬಾಯಿಗೆ ಹಾಕಿ, ನುಂಗಿದೆಯಾ ಎಂದು ಚಿಕ್ಕ ಹುಡುಗಿಯನ್ನು ನೋಡುವ ಹಾಗೆ ನೋಡುತ್ತಿದ್ದೆ. ಹೆರಿಗೆ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಯ ಯಂತ್ರ ಕೆಟ್ಟಿತ್ತು. ತಿಂಗಳೊಳಗೆ ಬಂದು ಮಾಡಿಸಿ ಎಂದು ಚೀಟಿ ಬರೆದು ನನ್ನ ಕೈಗೆ ಕೊಟ್ಟಿದ್ದರು. ಆ ತಿಂಗಳು ನಿನ್ನನ್ನು ಹಾಸಿಗೆಯಿಂದ ಎಬ್ಬಿಸಿ ಸ್ನಾನ ಮಾಡಿಸುವುದರಲ್ಲೇ ನನ್ನ ದಿನ ಮುಗಿಯುತ್ತಿತ್ತು. ಚೀಟಿ ನನ್ನ ಪರ್ಸಿನಲ್ಲೇ ಉಳಿಯಿತು. ಇಪ್ಪತ್ತೊಂಬತ್ತು ವರ್ಷ ಮಕ್ಕಳನ್ನೇ ನೋಡಿದವಳು, ಇದಕ್ಕೆ ಯಂತ್ರ ಬೇರೆ ಬೇಕೇ ಎಂಬ ಜಂಬವೂ ಸ್ವಲ್ಪ ಇತ್ತು ಅಂತಿಟ್ಟುಕೋ.

ಮೂರೂವರೆ ತಿಂಗಳ ಚುಚ್ಚುಮದ್ದಿಗೆ ಎರಡು ದಿನ ಮೊದಲು, ಒಂದು ಭಾನುವಾರ. ನೀನು ಡುಮ್ಮಿಯನ್ನು ಚಾಪೆಯ ಮೇಲೆ ಮಲಗಿಸಿ ಪಕ್ಕದಲ್ಲಿ ಕೂತಿದ್ದೆ. ನಾನು ಕುಕ್ಕರ್ ತೊಳೆದು ತರುತ್ತಿದ್ದಾಗ ಅದರ ಮುಚ್ಚಳ ಕೈಜಾರಿ ಅವಳ ತಲೆಯ ಹಿಂದೆ ಎರಡು ಮಾರು ದೂರದಲ್ಲಿ ಬಿತ್ತು. ಕಲ್ಲಿನ ನೆಲ, ಆ ಸದ್ದಿಗೆ ನನ್ನ ಎದೆಯೇ ಹಾರಿತು. ಅವಳು ಅಲುಗಲಿಲ್ಲ. ರೆಪ್ಪೆ ಕೂಡ ಹೊಡೆಯಲಿಲ್ಲ. ನಿನ್ನ ಮುಖವನ್ನೇ ನೋಡುತ್ತಾ, ಕಾಲು ಝಾಡಿಸುತ್ತಾ, ಬೊಚ್ಚುಬಾಯಿ ಅಗಲಿಸಿ ನಕ್ಕಳು.

ಅವಳು ನಕ್ಕದ್ದಕ್ಕೆ ನೀನೂ ನಕ್ಕೆ. ಹೆರಿಗೆಯಾದ ಮೇಲೆ ಅದೇ ಮೊದಲು. ಬರೀ ತುಟಿ ಅಲ್ಲ, ಭುಜ ಕುಣಿಸಿಕೊಂಡು ನಕ್ಕೆ. "ನೋಡಮ್ಮ, ಇವಳು ಎಂಥ ಗಟ್ಟಿಗಿತ್ತಿ, ಒಂಚೂರೂ ಹೆದರ್ಲಿಲ್ಲ" ಎಂದು ಅವಳನ್ನು ನೀನಾಗಿಯೇ ಎತ್ತಿಕೊಂಡೆ. ಯಾರೂ ಹೇಳದೆ, ನೀನಾಗಿಯೇ.

ನಾನು ಮುಚ್ಚಳ ಎತ್ತಿಕೊಂಡು ಒಳಗೆ ಹೋದೆ. ನಲ್ಲಿ ಬಿಟ್ಟು ಅದನ್ನು ಇನ್ನೊಮ್ಮೆ ತೊಳೆದೆ. ಇವತ್ತು ಬೇಡ, ನಾಲ್ಕು ದಿನ ನಗಲಿ, ಆಮೇಲೆ ಹೇಳೋಣ ಎಂದುಕೊಂಡೆ.

ಮಂಗಳವಾರ ನಮ್ಮ ಆಸ್ಪತ್ರೆಗೆ ಬಂದೆವು. ನನ್ನ ಕೋಣೆ ನಿನಗೆ ಗೊತ್ತೇ ಇದೆ. ಲಸಿಕೆ ಇಡುವ ಫ್ರಿಜ್ಜು, ಐಸಿನ ಡಬ್ಬ, ಗೋಡೆಗೆ ಒರಗಿದ ಬೆಂಚು, ಬೆಂಚಿನ ತುಂಬ ನನ್ನ ಕಂಡರೆ ಬಾಯಿ ಸೊಟ್ಟ ಮಾಡುವ ಮಕ್ಕಳು. ದಿನಕ್ಕೆ ಎಂಬತ್ತು ಮಕ್ಕಳಿಗೆ ಸೂಜಿ ಚುಚ್ಚುತ್ತೇನೆ, ಎಂಬತ್ತೂ ನನ್ನನ್ನು ಬೈದುಕೊಂಡೇ ಹೋಗುತ್ತವೆ. ಡುಮ್ಮಿಯ ಎರಡೂ ತೊಡೆಗೆ ನಾನೇ ಚುಚ್ಚಿದೆ, ಬಾಯಿಗೆ ಪೋಲಿಯೋ ಹನಿ ಹಾಕಿದೆ. ನೋವಿಗೆ ಅತ್ತಳು. ಆ ಅಳು ಎಲ್ಲ ಮಕ್ಕಳ ಅಳುವಿನ ಹಾಗೇ ಇತ್ತು. ಆಮೇಲೆ ಬೆಳವಣಿಗೆಯ ಕಾರ್ಡು ತೆಗೆದೆ. ಕತ್ತು ನಿಲ್ಲಿಸುತ್ತದೆಯೇ, ಸರಿ. ಮುಖ ನೋಡಿ ನಗುತ್ತದೆಯೇ, ಸರಿ. ಕೆಂಪು ಉಣ್ಣೆಯ ಉಂಡೆಯನ್ನು ಕಣ್ಣಿನಿಂದ ಹಿಂಬಾಲಿಸುತ್ತದೆಯೇ, ಸರಿ. ನಾಲ್ಕನೆಯದು, ಸದ್ದು ಕೇಳಿದರೆ ಬೆಚ್ಚುತ್ತದೆಯೇ, ತಿರುಗುತ್ತದೆಯೇ. ನೀನು ನನ್ನ ಎದುರು ಸ್ಟೂಲಿನ ಮೇಲೆ ಕೂತು ಅವಳ ಅಂಗಿಯ ಗುಂಡಿ ಹಾಕುತ್ತಿದ್ದೆ. ಆ ದಿನ ತಲೆ ಬಾಚಿಕೊಂಡಿದ್ದೆ. ನಾನು ಸರಿ ಎಂದು ಗುರುತು ಹಾಕಿ, ರಿಜಿಸ್ಟರಿಗೂ ಹಾಗೇ ಇಳಿಸಿ ಸಹಿ ಮಾಡಿದೆ.

ಅದೇ ವಾರ ಹಾಲು ಹಾಕುವವನ ಹೆಂಡತಿ ಮಗನನ್ನು ಕರೆದುಕೊಂಡು ಬಂದಿದ್ದಳು. ಆ ಮಗು ಉಣ್ಣೆಯ ಉಂಡೆಯನ್ನು ನೋಡಲಿಲ್ಲ. ಕಣ್ಣಿನಲ್ಲಿ ಬಿಳಿ ಕಂಡಿತು. ನಾನು ಒಂದು ಗಳಿಗೆಯೂ ಹಿಂದೆಮುಂದೆ ನೋಡದೆ ಅವಳನ್ನು ಪಕ್ಕಕ್ಕೆ ಕೂರಿಸಿ ಹೇಳಿದೆ. ಅತ್ತಳು, ನಿಮ್ಮ ಬಾಯಲ್ಲಿ ಒಳ್ಳೆ ಮಾತೇ ಬರಲ್ಲವಾ ಎಂದು ರೇಗಿದಳು. ಆದರೂ ಚೀಟಿ ಕೈಯಲ್ಲಿಟ್ಟು ಕಣ್ಣಿನ ಆಸ್ಪತ್ರೆಗೆ ಕಳಿಸಿದೆ. ಮೂರು ತಿಂಗಳ ಮೇಲೆ ಬಂದಳು. ಪೊರೆ ತೆಗೆಸಿ, ಕಿವಿಯ ಸುತ್ತ ರಬ್ಬರ್ ಕಟ್ಟಿದ ಪುಟ್ಟ ಕನ್ನಡಕ ಹಾಕಿಸಿದ್ದಳು. ಮಗು ನನ್ನ ಟೋಪಿಗೆ ಕೈ ಚಾಚಿತು. "ನೀವು ಅವತ್ತು ಮುಲಾಜು ನೋಡಿದ್ದಿದ್ರೆ ನನ್ನ ಮಗನ ಗತಿ ಏನಾಗ್ತಿತ್ತು ಸಿಸ್ಟರ್" ಎಂದಳು. ಐಸು ತರುತ್ತೇನೆ ಎಂದು ಎದ್ದು ಹೋಗಿ ನಾನು ಫ್ರಿಜ್ಜಿನ ಬಾಗಿಲು ತೆರೆದು ಸುಮ್ಮನೆ ನಿಂತೆ. ಆಗ ಡುಮ್ಮಿಗೆ ಆರೂವರೆ ತಿಂಗಳು.

ನೀನು ಕೇಳಬಹುದು, ಅವತ್ತಾದರೂ ಯಾಕೆ ಹೇಳಲಿಲ್ಲ ಎಂದು. ಅಷ್ಟು ಹೊತ್ತಿಗೆ ನೀನು ನಿನ್ನ ಮನೆಗೆ ಹೋಗಿದ್ದೆ, ಮಾತ್ರೆ ನಿಲ್ಲಿಸಿದ್ದೆ, ಕೆಲಸಕ್ಕೆ ಹೋಗುವ ಮಾತಾಡುತ್ತಿದ್ದೆ. ಇವಳು ಅಜ್ಜನ ಹಾಗೆ ಮಾತು ಕಮ್ಮಿ ಎಂದು ಫೋನಿನಲ್ಲಿ ನಗುತ್ತಿದ್ದೆ. ಕೇಳಿಸದ ಮಕ್ಕಳೂ ಮೊದಮೊದಲು ಎಲ್ಲರ ಹಾಗೇ ಗುಳುಗುಳು ಅನ್ನುತ್ತವೆ, ಆರೇಳು ತಿಂಗಳಾದ ಮೇಲೆ ಆ ಸದ್ದು ಕಮ್ಮಿಯಾಗುತ್ತದೆ. ನನಗೆ ಅದು ಗೊತ್ತು. ನೀನು ನಗುತ್ತಾ ಹೇಳಿದ್ದನ್ನು ನಾನೂ ನಗುತ್ತಾ ಕೇಳಿಸಿಕೊಂಡೆ. ಇನ್ನು ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎನ್ನುವ ಪ್ರಶ್ನೆ ಬರುತ್ತದೆ. ಮೊದಮೊದಲು ನಿನಗಾಗಿ ಸುಮ್ಮನಿದ್ದೆ, ಆಮೇಲೆ ನನಗಾಗಿ. ಅದು ಯಾವ ವಾರ ನಿನ್ನ ಕಡೆಯಿಂದ ನನ್ನ ಕಡೆಗೆ ತಿರುಗಿತು ಎಂದು ಎಷ್ಟು ಯೋಚಿಸಿದರೂ ನನಗೆ ಹೊಳೆಯುವುದಿಲ್ಲ.

ಒಂಬತ್ತನೇ ತಿಂಗಳಿಗೆ, ಬೇರೆ ಯಾರ ಕೈಯಲ್ಲೂ ಚುಚ್ಚಿಸುವುದಿಲ್ಲ ಎಂದು ನೀನು ಅಷ್ಟು ದೂರದಿಂದ ಬಂದೆ. ನಾನು ದಡಾರದ ಲಸಿಕೆ ಕಲಸುತ್ತಿದ್ದೆ. ಹೊಸ ಸಿಸ್ಟರ್‌ಗೆ ಅದು ಯಾರ ಮಗು ಎಂದು ಗೊತ್ತಿರಲಿಲ್ಲ. ಎಡಕ್ಕೆ ಮೂರು ಸಲ, ಬಲಕ್ಕೆ ಮೂರು ಸಲ ಗಿಲಕಿ ಆಡಿಸಿ, ಹೆಸರು ಹಿಡಿದು ಕೂಗಿ, ಇಲ್ಲ ಎಂದು ಬರೆದಳು. ನೀನು ನನ್ನ ಕಡೆ ನೋಡಿದೆ. ಅವಳು ಗುರುತು ಹಾಕದಿದ್ದರೆ ನಾನು ಆ ದಿನವೂ ಸುಮ್ಮನಿರುತ್ತಿದ್ದೆನೋ ಏನೋ. ಇರುತ್ತಿರಲಿಲ್ಲ ಎಂದು ಬರೆಯಲು ಕೈ ಬರುತ್ತಿಲ್ಲ. ನೀವೆಲ್ಲ ಹೋದ ಮೇಲೆ ಅವಳು ರಿಜಿಸ್ಟರಿನ ಹಳೆಯ ಪುಟ ತೆಗೆದು ನನ್ನ ಸಹಿ ನೋಡಿದಳು. ರಿಜಿಸ್ಟರ್ ಮುಚ್ಚಿ ಹತ್ತಿ ಉಂಡೆ ಮಾಡಲು ಕೂತಳು. ಆ ಹುಡುಗಿಗೆ ಇಪ್ಪತ್ತಮೂರು ವರ್ಷ. ಕೆಲಸ ಕಲಿಸಿದ್ದು ನಾನೇ.

ಮೊನ್ನೆ ಸೋಮವಾರ ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಇದೆಲ್ಲ ಹೇಳಿದೆ. ಅವರು ರಿಜಿಸ್ಟರಿನ ಪುಟ ತಿರುವಿ ನನ್ನ ಸಹಿ ನೋಡಿದರು. ಮೇಲಿನವರಿಗೆ ಬರೆಯಬೇಕಾಗುತ್ತದೆ ಎಂದರು. ಬರೆಯಿರಿ ಎಂದೆ. ಸದ್ಯಕ್ಕೆ ಸೂಜಿ ಚುಚ್ಚುವ ಕೆಲಸ ಮಾತ್ರ ನನ್ನದು, ಕಾರ್ಡು ಹೊಸ ಸಿಸ್ಟರ್‌ದು. ನಿಜ ಹೇಳಬೇಕೆಂದರೆ ಹೊರಗೆ ಬಂದಾಗ ಅವಮಾನಕ್ಕಿಂತ ಹೆಚ್ಚಾಗಿ ನಿದ್ದೆ ಬಂದಂತಾಯಿತು. ಎಷ್ಟೋ ದಿನದಿಂದ ದಣಿದಿದ್ದೆ ಅನ್ನಿಸುತ್ತದೆ.

ಈಗ ಮುಖ್ಯವಾದ ಮಾತು. ನಿನ್ನ ಕಾಯಿಲೆಯಿಂದಾಗಿ ಮಗುವಿನ ಕಿವಿ ಯಾರ ಗಮನಕ್ಕೂ ಬರಲಿಲ್ಲ ಎನ್ನುವುದು ಸುಳ್ಳು. ನನ್ನ ಗಮನಕ್ಕೆ ಬಂದಿತ್ತು. ನಾನು ಹೇಳಲಿಲ್ಲ. ನಿನ್ನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಈ ಕಾಗದವನ್ನು ಅಳಿಯಂದಿರಿಗೆ ತೋರಿಸು, ನಿನ್ನ ಅತ್ತೆಗೂ ಓದಿ ಹೇಳು. ಅವರು ಅನ್ನುವುದನ್ನೆಲ್ಲ ನನಗೆ ಅನ್ನಲಿ, ನಾನು ಕೇಳಿಸಿಕೊಳ್ಳುತ್ತೇನೆ. ನೀನೂ ಬೈಯಬೇಕೆನಿಸಿದರೆ ಬೈ, ತಿಂಗಳುಗಟ್ಟಲೆ ಮಾತು ಬಿಡಬೇಕೆನಿಸಿದರೆ ಬಿಡು. ಆದರೆ ನಿನ್ನನ್ನು ನೀನು ಬೈದುಕೊಳ್ಳುತ್ತಾ ಮತ್ತೆ ಗೋಡೆ ಕಡೆ ತಿರುಗಿ ಕೂರಬೇಡ. ಹಾಗನ್ನಿಸಿದರೆ ಆ ದಿನವೇ ಡಾಕ್ಟರಮ್ಮನ ಹತ್ತಿರ ಹೋಗು.

ಡುಮ್ಮಿಯ ಯಂತ್ರಕ್ಕೆ ದಾರ ಕಟ್ಟಿ ಅಂಗಿಯ ಬೆನ್ನಿಗೆ ಪಿನ್ನು ಹಾಕು, ಇಲ್ಲದಿದ್ದರೆ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾಳೆ. ಮಲಗಿದಾಗ, ಸ್ನಾನದಲ್ಲಿ ಬಿಟ್ಟು ಉಳಿದ ಹೊತ್ತೆಲ್ಲ ಹಾಕಿರಲಿ, ಎಷ್ಟು ಅತ್ತರೂ. ಮಾತಾಡುವಾಗ ನಿನ್ನ ಮುಖಕ್ಕೆ ಬೆಳಕು ಬೀಳುವ ಹಾಗೆ ಕೂತುಕೋ. ಮುಂದಿನ ಚುಚ್ಚುಮದ್ದು ತಪ್ಪಿಸಬೇಡ. ಇಲ್ಲಿಗೇ ಬರಬೇಕೆಂದಿಲ್ಲ, ನಿಮ್ಮೂರಿನ ಆಸ್ಪತ್ರೆಯಲ್ಲೇ ಹಾಕಿಸು. ಹಾಕುವವರು ಕಾರ್ಡು ತುಂಬುವಾಗ ಪಕ್ಕದಲ್ಲಿ ನಿಂತು ಒಂದೊಂದನ್ನೂ ಕೇಳು. ಯಾರು ಏನು ಬರೆದರು ಎಂದು ನೋಡು. ನರ್ಸುಗಳನ್ನು ಕಣ್ಣುಮುಚ್ಚಿ ನಂಬಬೇಡ ಎಂದು ನಾನೇ ಹೇಳುವ ಕಾಲ ಬಂತು.

ಕೈ ನೋಯುತ್ತಿದೆ. ನಿನ್ನ ಫೋನಿಗೆ ಕಾಯುತ್ತೇನೆ ಎಂದು ಬರೆಯುವುದಿಲ್ಲ, ಬರೆದರೆ ನಿನಗೆ ಮಾಡಲೇಬೇಕು ಅನ್ನಿಸುತ್ತದೆ.

ನಿನ್ನನ್ನು ಹೆತ್ತವಳು,
ಅಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಕಾಗದವನ್ನು ನಿನ್ನಪ್ಪನಿಗೆ ಓದಲು ಕೊಟ್ಟೆ. ಪಾಳಿ ಮುಗಿಸಿ ಬಂದು, ಖಾಕಿ ಅಂಗಿಯಲ್ಲೇ ನಿಂತು ಓದಿದರು. ಐದನೇ ತಿಂಗಳಲ್ಲಿ ಒಂದು ದಿನ ಮೊಮ್ಮಗಳನ್ನು ಸ್ನೇಹಿತರಿಗೆ ತೋರಿಸುತ್ತೇನೆಂದು ಡಿಪೋಗೆ ಎತ್ತಿಕೊಂಡು ಹೋಗಿದ್ದರಲ್ಲ. ಅಲ್ಲಿ ಯಾರೋ ರಿಪೇರಿ ಮಾಡಿದ ಬಸ್ಸಿನ ಹಾರನ್ನನ್ನು ಇವರ ಪಕ್ಕದಲ್ಲೇ ಒತ್ತಿದರಂತೆ. ನಿಂತವರೆಲ್ಲ ಕಿವಿ ಮುಚ್ಚಿಕೊಂಡರಂತೆ. ಡುಮ್ಮಿ ಇವರ ಮೀಸೆ ಎಳೆಯುತ್ತಲೇ ಇದ್ದಳಂತೆ. ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನೀನು ನರ್ಸು. ಏನಾದ್ರೂ ಇದ್ದಿದ್ರೆ ನೀನು ಹೇಳ್ದೆ ಇರ್ತಿದ್ಯಾ ಅಂತ ಸುಮ್ಮನಾದೆ" ಎಂದರು.