ಬಾಗಿಲುಕಂಬದ ಮೇಲೊಂದು ಗೆರೆ

ಇಳಕಲ್ಲು
ಕ್ರಿ.ಶ. 2241, ಹದಿಮೂರನೆಯ ತಿಂಗಳ ಮೂರನೆಯ ದಿನ

ಪೂಜ್ಯ ಬನವ್ವಜ್ಜಿಗೆ, ನಿಮ್ಮ ವಂಶದಲ್ಲಿ ಇಂದಿಗೂ ಮಗ್ಗಕ್ಕೆ ಕೂರುವ ಚಂಪಾವತಿಯ ನಮಸ್ಕಾರಗಳು.

ನೀವಿನ್ನೂ ಬದುಕಿದ್ದೀರಿ, ನಾನಿನ್ನೂ ಹುಟ್ಟಿಲ್ಲ. ಹೀಗಿರುವಾಗ ಕ್ಷೇಮ ಕೇಳುವುದು ಹೇಗೋ ತಿಳಿಯುತ್ತಿಲ್ಲ. ನನ್ನ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಈ ಕಾಗದವನ್ನು ತರುವುದು ಹಿಂದಂಚೆ, ಅಂದರೆ ಕಳೆದ ಕಾಲಕ್ಕೆ ಹೋಗುವ ನಮ್ಮ ಅಂಚೆ. ಬರೆದ ಸಾಲನ್ನು ಬರೆದ ಕೂಡಲೇ ಒಯ್ಯುತ್ತದೆ. ಉತ್ತರವನ್ನು ಮಾತ್ರ ತರುವುದಿಲ್ಲ. ಅದ್ಯಾವ ಸೀಮೆಯ ಅಂಚೆಯೋ!

ಇಲ್ಲಿ ಅಡುಗೆ ತಾನೇ ಬೇಯುತ್ತದೆ, ನೀರು ತಾನೇ ಮಹಡಿ ಹತ್ತುತ್ತದೆ, ಯಾರೂ ಏನನ್ನೂ ಎತ್ತುವುದಿಲ್ಲ. ಎಲ್ಲರೂ ಕೂರುವುದು ಗಾಳಿಪೀಠದಲ್ಲಿ, ಎಂದರೆ ಕಾಲಿಲ್ಲದೆ ತೇಲುವ ಕುರ್ಚಿಯಲ್ಲಿ. ಆದರೂ ಎಲ್ಲರಿಗೂ ಸೊಂಟನೋವು! ನಾನಂತೂ ಕುಣಿಮಗ್ಗಕ್ಕೆ ಇಳಿದರೆ ಏಳಲಾರೆ. ಮಗ್ಗ ಬಿಟ್ಟರೆ ನಾನು ಯಾರು? ಬೆನ್ನಿನ ಎರಡು ಮೂಳೆಗಳ ನಡುವೆ ಸವೆದಿರುವ ಮೆತ್ತೆ ತೆಗೆದು ಆ ಮೂಳೆಗಳನ್ನು ಸ್ಕ್ರೂ ಹಾಕಿ ಬೆಸೆಯಬಹುದೆಂದು ವೈದ್ಯೆ ಹೇಳುತ್ತಾಳೆ. ಇಲ್ಲವೇ ಬೀಜಮೆತ್ತೆ, ನನ್ನದೇ ಮಾಂಸದಿಂದ ಬೆಳೆಸಿದ ಹೊಸ ಮೆತ್ತೆ, ನಾಟಿ ಮಾಡಬಹುದಂತೆ. ಇಲ್ಲವೇ ವ್ಯಾಯಾಮ ಮಾಡುತ್ತ ಕಾಯಬಹುದಂತೆ. ಯಾವುದಕ್ಕೂ ಖಾತ್ರಿಯಿಲ್ಲ. ಇಷ್ಟು ಕಾಲವಾದರೂ ಇದೇ ಮಾತೇ? ನನಗೆ ತಲೆ ಕೆಟ್ಟುಹೋಗಿದೆ.

ನೋಯುವ ನಿಮ್ಮ ಬೆನ್ನನ್ನೂ ಮುಂದೆ ಹೀಗೇ ಬೆಸೆಯುತ್ತಾರೆಂದು ನನಗೆ ಗೊತ್ತು. ಹೇಳಬಾರದು, ಆದರೂ ಹೇಳುತ್ತೇನೆ: ನಿಮ್ಮ ಚಿತೆಯ ಬೂದಿಯಲ್ಲಿ ಸಿಕ್ಕ ಸ್ಕ್ರೂಗಳು ನಮ್ಮ ದೇವರ ಜಗಲಿಯ ಮೇಲಿವೆ, ಹಬ್ಬಕ್ಕೆ ಕುಂಕುಮ ಹಚ್ಚುತ್ತೇವೆ. ಆದರೆ ನೋವು ಹೋಯಿತೇ? “ಆಪರೇಷನ್ ಆದಮ್ಯಾಲ ಅಜ್ಜಿ ಕುದರಿ ಹಂಗ ಓಡ್ಯಾಡಿದ್ಲು” ಎನ್ನುತ್ತಾಳೆ ಸೋದರತ್ತೆ. “ಎಲ್ಲೀದ ಹಚ್ಚೀಯವಾ, ಹಾಸಿಗಿ ಬಿಟ್ಟ ಏಳಲೇ ಇಲ್ಲಾಕಿ” ಎನ್ನುತ್ತಾನೆ ಕಾಕಾ. ಇಬ್ಬರೂ ನಿಮ್ಮನ್ನು ಕಂಡವರಲ್ಲ. ಯಾರನ್ನು ನಂಬಲಿ?

ಒಂದು ಉಪಕಾರ ಮಾಡಿ. ನಿಮ್ಮ ಮನೆಯ ಕೆಂಪುಕಲ್ಲಿನ ಬಾಗಿಲುಕಂಬ ಇಂದಿಗೂ ನನ್ನೆದುರೇ ಇದೆ. ಶಸ್ತ್ರಕ್ರಿಯೆಯಾಗಿ ವರ್ಷ ಕಳೆದ ಮೇಲೆ, ನೋವು ಹೋಗಿದ್ದರೆ ಅದರ ಮೇಲೆ ಒಂದು ಗೆರೆ ಕೊರೆಯಿರಿ, ಹೋಗದಿದ್ದರೆ ಎರಡು. ನಿಂತಲ್ಲೇ ಎದೆಮಟ್ಟಕ್ಕೆ ಕೊರೆದರೆ ಸಾಕು. ಕೆಳಗೆ ಬಿದ್ದ ಲಾಳಿ ಎತ್ತಿಕೊಳ್ಳಲೂ ನಿಮಗೀಗ ಬಗ್ಗಲಾಗದು ಎಂಬುದನ್ನು ಮಾತ್ರ ಅತ್ತೆ, ಕಾಕಾ ಇಬ್ಬರೂ ಒಪ್ಪುತ್ತಾರೆ.

ಎದೆಮಟ್ಟದಲ್ಲಿ ಏನೂ ಮೂಡಲಿಲ್ಲ. ಕಾಗದ ತಲುಪಲಿಲ್ಲವೇ?

ಇರಿ, ಇರಿ. ತೀರಾ ಕೆಳಗೆ, ನೆಲದಿಂದ ಗೇಣು ಮೇಲೆ, ಇಷ್ಟು ಹೊತ್ತು ಇಲ್ಲದ್ದು ಏನೋ ಇದೆ. ಒಂದು ಪೂರ್ತಿ ಗೆರೆ, ಪಕ್ಕದಲ್ಲಿ ಅರ್ಧ ಗೆರೆ. ಒಂದೂವರೆ ಎಂದರೇನಜ್ಜಿ? ಅರ್ಧ ನೋವು ಹೋಯಿತೆಂದೇ, ಅರ್ಧ ಉಳಿಯಿತೆಂದೇ? ಮತ್ತೆ ಗೊಂದಲಕ್ಕೇ ಹಾಕಿದಿರಲ್ಲ!

ಆದರೆ ಅಷ್ಟು ಕೆಳಗೆ ಕೊರೆಯಬೇಕಾದರೆ ನೀವು ಬಗ್ಗಿರಬೇಕು. ನೆಲಕ್ಕೆ ಕುಕ್ಕರುಗಾಲಿನಲ್ಲಿ ಕೂತಿರಬೇಕು.

ನಾಳೆ ನಾನೂ ಸ್ಕ್ರೂ ಹಾಕಿಸಿಕೊಳ್ಳುತ್ತೇನೆ, ಅಜ್ಜಿ. ಹರಸಿ.