ಬೆಳ್ಳಕ್ಕಿಯ ಎಡಸುತ್ತಿನ ಫ್ಯಾನು

ನೀರು ಬಂದ ಮೇಲಿನ ಅರವತ್ತೇಳನೆಯ ವರ್ಷ,
ಉಪ್ಪುಗಾಳಿ ತಿಂಗಳ ನಲವತ್ತೊಂದನೆಯ ದಿನ, ಮಧ್ಯಾಹ್ನದ ಇಳಿತ.
ಗಂಗೊಳ್ಳಿ ಅಳಿವೆಯ ಒಳಗೆ, ‘ಬೆಳ್ಳಕ್ಕಿ’ ದೋಣಿಯಿಂದ.

ಪೂಜ್ಯ ಭೋಜ ಅಜ್ಜಯ್ಯನವರಿಗೆ, ನಿಮ್ಮ ಮಗಳ ಮೊಮ್ಮಗನ ಮಗಳಾದ ಲಚ್ಚಿ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ನೀವು ಹುಬ್ಬೇರಿಸಬಹುದು. ನಿಮ್ಮ ಕಾಲದಲ್ಲಿ ತಿಂಗಳಿಗೆ ಮೂವತ್ತೋ ಮೂವತ್ತೊಂದೋ ದಿನ ಇರುತ್ತಿದ್ದವಂತೆ. ನಮ್ಮಲ್ಲಿ ಗಾಳಿ ದಿಕ್ಕು ಬದಲಿಸುವ ತನಕ ಒಂದೇ ತಿಂಗಳು. ಈ ಸಲದ ಉಪ್ಪುಗಾಳಿ ಹಟ ಹಿಡಿದು ಕೂತಿದೆ, ಆದ್ದರಿಂದ ನಲವತ್ತೊಂದು. ನನ್ನ ಮಾತುಗಳಲ್ಲಿ ನಿಮಗೆ ತಿಳಿಯದ್ದು ಕೆಲವು ಬರುತ್ತವೆ, ಅದಕ್ಕೆ ಕ್ಷಮೆ ಇರಲಿ. ಅಜ್ಜಯ್ಯ ಎಂದು ಕರೆದದ್ದಕ್ಕೂ ಕ್ಷಮೆ ಕೇಳಬೇಕು. ನೀವು ಈ ದೋಣಿಯ ಟಿಪ್ಪಣಿ ಪುಸ್ತಕ ಬರೆಯುವಾಗ ನಿಮಗೆ ಐವತ್ತೆಂಟು, ನಿಮ್ಮನ್ನು ಅಜ್ಜ ಅನ್ನುವವರು ಇನ್ನೂ ಯಾರೂ ಹುಟ್ಟಿರಲಿಲ್ಲ.

ಇದನ್ನು ನಾವು ಹಿಂದೋಲೆ ಅನ್ನುತ್ತೇವೆ. ಅಳಿವೆ ದಾಟಿ ಕಡಲಿಗೆ ಬೀಳುವ ಮೊದಲು ಪ್ರತಿ ದೋಣಿಯವರೂ ತಮ್ಮ ಹಿರಿಯರಲ್ಲಿ ಒಬ್ಬರಿಗೆ ಒಂದು ಓಲೆ ಬರೆದು, ಗಾಜಿನ ಭರಣಿಗೆ ಹಾಕಿ, ಬಾಯಿಗೆ ಮೇಣ ಬಳಿದು, ಆ ಹಿರಿಯರು ಬದುಕಿದ್ದ ಜಾಗದ ಮೇಲೆ ನೀರಿಗೆ ಬಿಡಬೇಕು. ನಿಮ್ಮದು ಗಂಗೊಳ್ಳಿಯ ಮೀನು ಮಾರುಕಟ್ಟೆಯ ಹಿಂದಿನ ಮನೆ. ಈಗ ಅದರ ಮೇಲೆ ನಾಲ್ಕು ಆಳು ನೀರು ನಿಂತಿದೆ. ಓಲೆ ತಲುಪುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬರೆಯದೆ ಹೊರಡುವವರೂ ಇಲ್ಲ. ಹೆಚ್ಚಿನವರು ಆಶೀರ್ವಾದ ಕೇಳಿ ಮುಗಿಸುತ್ತಾರೆ. ನಾನು ಒಂದು ಫ್ಯಾನಿನ ವಿಷಯ ಬರೆಯುತ್ತಿದ್ದೇನೆ, ದೋಣಿಯ ಅಡಿಯಲ್ಲಿ ತಿರುಗಿ ನೀರು ತಳ್ಳುವ ಫ್ಯಾನಿನ ವಿಷಯ. ನಿಮಗೆ ಅದು ವಿಚಿತ್ರ ಅನ್ನಿಸಲಿಕ್ಕಿಲ್ಲ. ನೀವೇ ಅದರ ಮೇಲೆ ಇಪ್ಪತ್ತಾರು ಪುಟ ಬರೆದವರು.

ಆ ಇಪ್ಪತ್ತಾರು ಪುಟ ನನಗೆ ಬಾಯಿಪಾಠ. ಹಡಗಿನ ಇಂಜಿನಿಯರ್ ಕೆಲಸ ಮುಗಿಸಿ ಬಂದ ನೀವು ಗೋವಾದಿಂದ ಈ ಹಳೆಯ ಹಾಯಿದೋಣಿ ತಂದಿರಿ, ಲಕ್ಷದ್ವೀಪಕ್ಕೆ ಹೋಗಬೇಕೆಂಬ ಆಸೆಯಿಂದ. ದೋಣಿಯನ್ನು ದಡಕ್ಕೆ ಎಳೆದು ನೋಡಿದರೆ ಎರಡು ರೆಕ್ಕೆಯ ಕಂಚಿನ ಫ್ಯಾನು ಉಪ್ಪುನೀರು ತಿಂದು ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಒಂದು ರೆಕ್ಕೆಯ ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಚಕ್ಕೆ ಹಾರಿತ್ತು. ಬದಲಿಗೆ ಯಾವುದು ಹಾಕುವುದು ಎಂದು ನೀವು ಒಂದು ಮಳೆಗಾಲವಿಡೀ ತಲೆ ಕೆಡಿಸಿಕೊಂಡಿರಿ. ಮೂರು ರೆಕ್ಕೆಯದು ಎದುರುನೀರಿನಲ್ಲಿ ಗಟ್ಟಿಯಾಗಿ ತಳ್ಳುತ್ತದೆ, ಆದರೆ ಹಾಯಿ ಬಿಟ್ಟಾಗ ಬಕೆಟ್ಟು ಎಳೆದುಕೊಂಡು ಹೋದ ಹಾಗೆ. ಎರಡು ರೆಕ್ಕೆಯದು ಎರಡೂ ಕಡೆ ಮಧ್ಯಮ. ಮಡಚುವ ಫ್ಯಾನು ಹಾಯಿ ಬಿಟ್ಟಾಗ ರೆಕ್ಕೆ ಮುಚ್ಚಿಕೊಳ್ಳುತ್ತದೆ, ದೋಣಿ ಹಗುರವಾಗಿ ಓಡುತ್ತದೆ, ಆದರೆ ಅದರ ಪಿನ್ನು ಸವೆಯುತ್ತದೆ. ‘ಫ್ಯಾನ್ ಮಡ್ಚುಕೆ ಅದೆಂತ ಕೊಡೆಯಾ?’ ಎಂದು ನಿಮ್ಮ ಮನೆಯಾಕೆ ಗುಲಾಬಿ ಅಜ್ಜಿ ಕೇಳಿದ್ದನ್ನೂ ನೀವು ಬರೆದಿಟ್ಟಿದ್ದೀರಿ. ಕೊನೆಗೆ ಮಡಚುವುದನ್ನೇ ತರಿಸಿದಿರಿ. ಹದಿನೇಳನೆಯ ಪುಟದಲ್ಲಿ ಎರಡು ಗೆರೆ ಎಳೆದು, ಈ ಇಂಜಿನ್ನಿಗೆ ಎಡಸುತ್ತಿನ ಫ್ಯಾನೇ ಬೇಕು, ಬಂದರಿನ ಮೀನುದೋಣಿಗಳದ್ದೆಲ್ಲ ಬಲಸುತ್ತು, ಅದು ಇದಕ್ಕೆ ಆಗುವುದಿಲ್ಲ ಎಂದು ಬರೆದಿದ್ದೀರಿ. ಆ ಪುಟವನ್ನೂ ನಾನು ಓದಿದ್ದೆ. ಇದನ್ನು ನೆನಪಿಡಿ, ಮುಂದೆ ನನ್ನ ತಪ್ಪು ಹೇಳುವಾಗ ಬೇಕಾಗುತ್ತದೆ.

ನಮ್ಮ ದಿನಗಳು ಹೇಗೆ ಅನ್ನುವುದನ್ನೂ ಹೇಳುತ್ತೇನೆ. ಐದು ಹೊಳೆ ಸೇರುವ ಈ ಒಳನೀರಿನಲ್ಲಿ ಈ ವರ್ಷ ಹದಿನಾಲ್ಕು ದೋಣಿ ಇದ್ದೆವು. ಬೆಳಿಗ್ಗೆ ಚಿಪ್ಪು ಹೆಕ್ಕುವುದು, ಹಾಯಿಯಲ್ಲಿ ಹಿಡಿದ ಇಬ್ಬನಿಯನ್ನು ಹಿಂಡಿ ಕೊಡಕ್ಕೆ ತುಂಬುವುದು, ಗುಡ್ಡದ ಮೇಲೆ ಉಳಿದಿರುವ ಹೊನ್ನೆ ಮರಗಳ ಕಾಯಿ ತಂದು ಎಣ್ಣೆ ತೆಗೆಯುವುದು. ಆ ಎಣ್ಣೆಯಲ್ಲೇ ನಿಮ್ಮ ಇಂಜಿನ್ನು ಇನ್ನೂ ಕೆಮ್ಮುತ್ತಾ ಓಡುತ್ತದೆ. ಅದನ್ನು ಓಡಿಸುವವಳು ನಾನೇ. ಅನ್ನ ಅಂದರೆ ವರ್ಷಕ್ಕೆ ಎರಡು ಸಲ. ಅಕ್ಕಿ ಹೆಚ್ಚಾಗಿ ಸಾವಿಗೂ ಪೂಜೆಗೂ ಹೋಗುತ್ತದೆ. ಮಳೆ ಬಿದ್ದ ಮೇಲೆ ಇಲ್ಲಿ ನಿಲ್ಲುವ ಹಾಗಿಲ್ಲ. ಬೋಳಾದ ಘಟ್ಟದಿಂದ ಐದು ಹೊಳೆಯಲ್ಲೂ ಕೆಸರು, ಬೊಡ್ಡೆ, ಬಂಡೆ ಒಟ್ಟಿಗೆ ಇಳಿಯುತ್ತವೆ, ಯಾವ ಲಂಗರೂ ತಡೆಯುವುದಿಲ್ಲ. ಹಾಗಾಗಿ ಮಳೆಗೆ ಮೊದಲು ಎಲ್ಲರೂ ಅಳಿವೆ ದಾಟಿ ಬಡಗು ದಿಕ್ಕಿಗೆ, ಒತ್ತಿನೆಣೆ ಗುಡ್ಡದ ಮರೆಗೆ ಹೋಗುತ್ತೇವೆ. ಅಳಿವೆ ಬಾಗಿಲಲ್ಲಿ ಮುಳುಗಿದ ತಡೆಗೋಡೆಯ ಕಲ್ಲುಗಳ ನಡುವೆ ಇಕ್ಕಟ್ಟಾದ ದಾರಿ, ಗಾಳಿ ನೇರ ಮುಖಕ್ಕೆ. ಅಲ್ಲಿ ಹಾಯಿ ಉಪಯೋಗಕ್ಕಿಲ್ಲ. ಒಂದೂವರೆ ತಾಸು ಫ್ಯಾನು ನಿಲ್ಲದೆ ತಿರುಗಬೇಕು. ಒಬ್ಬರನ್ನೊಬ್ಬರು ಎಳೆದುಕೊಂಡು ಹೋಗುವುದನ್ನು, ಹಗ್ಗ ಕಟ್ಟಿದ ಎರಡು ದೋಣಿ ಒಟ್ಟಿಗೇ ಕಲ್ಲಿಗೆ ಹೋದ ಮೇಲೆ, ನಮ್ಮವರು ಬಿಟ್ಟಿದ್ದಾರೆ.

ಕಳೆದ ಉಪ್ಪುಗಾಳಿಯಲ್ಲಿ ನನ್ನ ಮಗ ದಾಸು ಜ್ವರದಲ್ಲಿ ಹೋದ. ಏಳು ವರ್ಷ. ಅವನಿಗೆ ಮೊದಲು ಅವನ ಅಪ್ಪ, ಅದಕ್ಕೂ ಮೊದಲು ನನ್ನ ಇಬ್ಬರು ತಮ್ಮಂದಿರು. ಈಗ ಬೆಳ್ಳಕ್ಕಿಯಲ್ಲಿ ನಾನು, ನನ್ನ ಅಪ್ಪಯ್ಯ, ಒಂಬತ್ತು ವರ್ಷದ ಮಗಳು ಮುತ್ತಿ, ಮೂರೇ ಜನ. ಈ ವರ್ಷ ಲಂಗರು ಎತ್ತುವ ಹೊತ್ತಿಗೆ ನಿಮ್ಮ ಮಡಚುವ ಫ್ಯಾನಿನ ಪಿನ್ನು ಮುರಿದು ಒಂದು ರೆಕ್ಕೆ ಬಿದ್ದುಹೋಯಿತು. ನೀವು ಹೆದರಿದ್ದೇ ಆಯಿತು, ಆದರೆ ನಾಲ್ಕು ತಲೆಮಾರು ಬಾಳಿದ ಮೇಲೆ. ಅದಕ್ಕೆ ನಿಮ್ಮನ್ನು ಯಾರೂ ದೂರುವ ಹಾಗಿಲ್ಲ. ಮುಳುಗಿ ಹೆಕ್ಕುವವರು ಹಳೆಯ ಬಂದರಿನ ಗುಜರಿ ರಾಶಿಯಿಂದ ಎರಡು ಫ್ಯಾನು ತಂದುಕೊಟ್ಟರು. ಒಂದು ಮೀನುದೋಣಿಯದು, ಮೂರು ರೆಕ್ಕೆ, ದಪ್ಪ, ತಿಕ್ಕಿದರೆ ಚಿನ್ನದ ಹಾಗೆ ಹೊಳೆಯುವಂಥದ್ದು, ಬಲಸುತ್ತು. ಇನ್ನೊಂದು ಸಣ್ಣದು, ಎರಡು ರೆಕ್ಕೆ, ಬಣ್ಣಗೆಟ್ಟದ್ದು, ಎಡಸುತ್ತು. ಸಣ್ಣದನ್ನು ಶಾಫ್ಟಿಗೆ ಹಿಡಿದು ನೋಡಿದಾಗ ಬೆರಳಿಗೆ ಅಳತೆ ಕೊಟ್ಟು ಮಾಡಿಸಿದ ಉಂಗುರದ ಹಾಗೆ ಕೂತಿತು.

ನಮ್ಮಲ್ಲಿ ಹೊಸ ಫ್ಯಾನನ್ನು ಶಾಫ್ಟಿಗೆ ಏರಿಸುವ ಮೊದಲು ಹೂ ಮುಡಿಸಿ, ದೇವರಿಗೆ ಸುತ್ತು ಬರುವ ಹಾಗೆ, ಬಲಕ್ಕೆ ಮೂರು ಸಲ ತಿರುಗಿಸುವ ಕ್ರಮ. ಎಡಕ್ಕೆ ಸುತ್ತುವುದು ಹೆಣಕ್ಕೆ ಮಾತ್ರ. ಅಪ್ಪಯ್ಯ ಸಣ್ಣ ಫ್ಯಾನನ್ನು ಕೈಯಲ್ಲಿ ಹಿಡಿದು ರೆಕ್ಕೆ ಎತ್ತ ವಾಲಿದೆ ಎಂದು ನೋಡಿದರು. ಆಮೇಲೆ ಮುರಿದ ಹಳೆಯದನ್ನು ನೋಡಿದರು. ಅವರ ಮುಖ ಬಿಳುಚಿಕೊಂಡಿತು.

‘ಕಾಣ್ ಲಚ್ಚಿ, ಇದೂ ಎಡಕ್ಕೆ, ಅದೂ ಎಡಕ್ಕೆ. ನೂರ್ ವರ್ಷದಿಂದ ನಮ್ ದೋಣಿ ಸಾವಿನ್ ಸುತ್ತೇ ಸುತ್ತುದಲ್ದಾ? ಮತ್ತೆ ನಮ್ ದಾಸು ಉಳುದ್ ಹ್ಯಾಂಗೆ?’

ಆಗ ನಾನು ಬಾಯಿ ತೆರೆಯಬೇಕಿತ್ತು. ಹದಿನೇಳನೆಯ ಪುಟ ನನ್ನ ಕಣ್ಣ ಮುಂದೆಯೇ ಇತ್ತು. ಇಂಜಿನ್ನು ಎಡಕ್ಕೆ ತಿರುಗಿದರೆ ಫ್ಯಾನೂ ಎಡದ್ದೇ ಇರಬೇಕು, ಅದಕ್ಕೂ ಸಾವಿಗೂ ಸಂಬಂಧವಿಲ್ಲ, ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಯಾಕೆಂದರೆ ನನಗೂ ಅದು ನಿಜವಾಗಲಿ ಅನ್ನಿಸಿತು, ಅಜ್ಜಯ್ಯ. ದಾಸು ಸುಮ್ಮನೆ ಸತ್ತ, ಏನೂ ಕಾರಣವಿಲ್ಲದೆ ಸತ್ತ ಅನ್ನುವುದಕ್ಕಿಂತ, ದೋಣಿಯ ಅಡಿಯಲ್ಲೊಂದು ತಪ್ಪು ಇತ್ತು, ಅದನ್ನು ಬಿಚ್ಚಿ ಬದಲಾಯಿಸಿದರೆ ಮುತ್ತಿ ಉಳಿಯುತ್ತಾಳೆ ಅನ್ನುವುದು ಎಷ್ಟೋ ಹಿತವಾಗಿತ್ತು. ಅಪ್ಪಯ್ಯ ಸಣ್ಣ ಫ್ಯಾನಿನ ಜೊತೆ ಒಂದು ಹಿಡಿ ಅಕ್ಕಿ ಬಟ್ಟೆಗೆ ಕಟ್ಟಿ, ನೀರು ಅತ್ಯಂತ ಆಳವಾಗಿ ಎಳೆಯುವ ಕಡೆ ಕೈಬಿಟ್ಟರು. ನಾನು ಪಕ್ಕದಲ್ಲಿ ಕೈಮುಗಿದು ನಿಂತಿದ್ದೆ.

ದೊಡ್ಡ ಫ್ಯಾನಿನ ರೆಕ್ಕೆ ದೋಣಿಯ ಅಡಿಗೆ ತಾಗುತ್ತಿತ್ತು. ನಾಲ್ಕು ದಿನ ಕೂತು ಅರದಿಂದ ತುದಿ ಉಜ್ಜಿ ಗಿಡ್ಡ ಮಾಡಿದೆವು, ಶಾಫ್ಟಿಗೆ ಸಡಿಲವಾದಲ್ಲಿ ತಾಮ್ರದ ತಗಡು ಸುತ್ತಿದೆವು. ಹೂ ಮುಡಿಸಿ ಬಲಕ್ಕೆ ಮೂರು ಸುತ್ತು ಹಾಕಿದ ಮೇಲೆ ಅಪ್ಪಯ್ಯ ವರ್ಷದಲ್ಲಿ ಮೊದಲ ಸಲ ನಕ್ಕರು. ಇಂಜಿನ್ನು ಹಚ್ಚಿ ಮುಂದಿನ ಗೇರಿಗೆ ಹಾಕಿದೆ. ಬೆಳ್ಳಕ್ಕಿ ಸೀದಾ ಹಿಂದಕ್ಕೆ ಹೋಗಿ ನೆರೆಯ ಕುಪ್ಪಣ್ಣನ ದೋಣಿಗೆ ಗುದ್ದಿತು. ‘ಹ್ವಾಯ್, ಎಲ್ಲಿಗ್ ಹೊರ್ಟದ್ದ್, ತಿರುಗಿ ಘಟ್ಟಕ್ಕಾ?’ ಎಂದು ಅವನು ಕೂಗಿದ. ಹದಿಮೂರು ದೋಣಿಯವರೂ ನಕ್ಕರು. ಅಪ್ಪಯ್ಯ ನಗಲಿಲ್ಲ, ನಾನೂ ನಗಲಿಲ್ಲ.

ಹಿಂದಿನ ಗೇರಿಗೆ ಹಾಕಿದರೆ ದೋಣಿ ಮುಂದಕ್ಕೆ ಹೋಗುತ್ತದೆ, ಅದು ನಿಮಗೂ ಹೊಳೆದಿರಬಹುದು. ಆದರೆ ಹಿಂದಿನ ಗೇರು ನಾಲ್ಕು ನಿಮಿಷದ ಕೆಲಸಕ್ಕೆ ಮಾಡಿದ್ದು, ಒಂದೂವರೆ ತಾಸಿಗಲ್ಲ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎರಡು ಸಲ ಪರೀಕ್ಷೆ ಮಾಡಿದೆ. ಎರಡು ಸಲವೂ ಇಪ್ಪತ್ತೈದು ನಿಮಿಷಕ್ಕೆ ಗೇರುಪೆಟ್ಟಿಗೆ ಮುಟ್ಟಲಾಗದಷ್ಟು ಕಾದು ಜಾರತೊಡಗಿತು. ಒದ್ದೆ ಗೋಣಿ ಹೊದಿಸಿದರೆ ಇನ್ನೈದು ನಿಮಿಷ ಸಿಗಬಹುದು. ಸಣ್ಣ ಫ್ಯಾನನ್ನು ಹುಡುಕಲು ಮುಳುಗುವವರು ಮೂರು ಸಲ ಇಳಿದರು. ಸೆಳೆತದಲ್ಲಿ ಕೆಸರು ಬಿಟ್ಟು ಏನೂ ಕೈಗೆ ಸಿಗಲಿಲ್ಲ. ಅದಾದ ದಿನವೇ ನಾನು ನಿಮ್ಮ ಪುಸ್ತಕವನ್ನು ಮತ್ತೆ ಮೊದಲಿಂದ ಓದಿದೆ, ಬೇರೆ ದಾರಿ ಏನಾದರೂ ಇದೆಯಾ ಎಂದು. ಮೂರನೆಯ ಪುಟದಲ್ಲಿ ನಿಮ್ಮ ಹಳೆಯ ಫ್ಯಾನಿನ ಮಾತು: ಗುಲಾಬಿ ಬಣ್ಣ, ಎರಡು ರೆಕ್ಕೆ, ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಚಕ್ಕೆ. ಕೊನೆಯ ಪುಟದಲ್ಲಿ, ಹಳೆಯದನ್ನು ಬಂದರಿನ ಗುಜರಿಯವನಿಗೆ ಕೊಟ್ಟೆ ಎಂದು.

ಸಣ್ಣ ಫ್ಯಾನಿನ ಅಂಚಿನಲ್ಲಿ ಚಕ್ಕೆ ಹಾರಿದ ಆ ಜಾಗದ ಮೇಲೆ ನಾನು ಬೆರಳಾಡಿಸಿದ್ದೆ, ಅಜ್ಜಯ್ಯ, ಬಾಯಿಪಾಠವಿದ್ದೂ ಆಗ ಹೊಳೆದಿರಲಿಲ್ಲ. ಅದು ನಿಮ್ಮದೇ ಫ್ಯಾನು. ನೂರು ವರ್ಷ ಮೊದಲು ಗುಜರಿಯಲ್ಲಿ, ಆಮೇಲೆ ನೀರಿನಡಿ ಕಾದು, ತನ್ನ ದೋಣಿಯನ್ನೇ ಹುಡುಕಿಕೊಂಡು ಬಂದಿತ್ತು. ನಾವು ಅದಕ್ಕೆ ಪಿಂಡ ಕಟ್ಟಿ ಕಳಿಸಿದೆವು. ಇದನ್ನು ಅಪ್ಪಯ್ಯನಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಅಳಿವೆ ದಾಟಲಾಗದ ದೋಣಿಯವರಿಗೆ ನಮ್ಮಲ್ಲಿ ಬಾಯಿಪಾಲು ಎಂದು ಒಂದು ಕಟ್ಟಳೆ ಇದೆ. ಕುಡಿಯುವ ನೀರು ಮಿಗುವ ದೋಣಿ ಒಂದು ಬಾಯಿಯನ್ನು ತೆಗೆದುಕೊಳ್ಳಬೇಕು. ಈ ವರ್ಷ ಹದಿಮೂರು ದೋಣಿಯಲ್ಲಿ ಒಂದರಲ್ಲಿ ಮಾತ್ರ ನೀರು ಮಿಗುತ್ತದೆ, ಕುಪ್ಪಣ್ಣನದರಲ್ಲಿ, ಒಂದು ಸಣ್ಣ ಬಾಯಿಗೆ ಸಾಕಾಗುವಷ್ಟು. ಇವತ್ತು ಬೆಳಗಿನ ಭರತದಲ್ಲಿ ಮುತ್ತಿಯನ್ನು ಕೊಟ್ಟೆ. ಅವಳ ಕೈಗೆ ನಿಮ್ಮ ಪುಸ್ತಕ ಕೊಟ್ಟೆ, ಬೇರೆ ಕೊಡಲು ಏನೂ ಇರಲಿಲ್ಲ. ‘ಅಮ್ಮ, ನೀ ಯಾವಾಗ ಬಪ್ಪುದ್?’ ಎಂದು ಕೇಳಿದಳು. ‘ನಿಮ್ ಹಿಂದೇ ಬತ್ತೆ’ ಎಂದೆ. ಅವಳು ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. ಅವಳಿಗೆ ಇಂಜಿನ್ನಿನ ಕೆಲಸ ಅಷ್ಟಿಷ್ಟು ಗೊತ್ತು, ಇಪ್ಪತ್ತೈದು ನಿಮಿಷ ಎಣಿಸಿದವಳು ಅವಳೇ. ಉಳಿದವರ ಜೊತೆ ಕುಪ್ಪಣ್ಣನ ದೋಣಿ ಕಲ್ಲುಗಳನ್ನು ದಾಟಿ ಹಾಯಿ ಬಿಟ್ಟದ್ದನ್ನು ಕಣ್ಣಾರೆ ಕಂಡೆ. ನನ್ನ ಮಗಳು ಬದುಕಿದ್ದಾಳೆ. ಅವಳನ್ನು ನಾನು ಮತ್ತೆ ನೋಡುವುದಿಲ್ಲ. ಈ ಎರಡು ಮಾತನ್ನು ಬೆಳಗಿನಿಂದ ಒಟ್ಟಿಗೆ ಹೇಳಿಕೊಳ್ಳುತ್ತಿದ್ದೇನೆ, ಒಂದರಿಂದ ಇನ್ನೊಂದು ಕಡಿಮೆಯಾಗುತ್ತಿಲ್ಲ.

ನಾಳೆ ಬೆಳಗಿನ ಭರತ ನಿಂತಾಗ ಅಪ್ಪಯ್ಯ ಮತ್ತು ನಾನು ಹಿಂದಿನ ಗೇರಿನಲ್ಲಿ ಹೊರಡುತ್ತೇವೆ. ಇಲ್ಲೇ ಕೂತರೂ ಮಳೆ ಬರುತ್ತದೆ. ಅಪ್ಪಯ್ಯ ಬಲಸುತ್ತನ್ನು ಇನ್ನೂ ನಂಬಿದ್ದಾರೆ, ಅವರ ಪಾಲಿಗೆ ಅದಾದರೂ ಉಳಿಯಲಿ.

ಈಗ ನನ್ನ ಬೇಡಿಕೆ. ಮಡಚುವುದನ್ನೇ ಕೊಳ್ಳಿ, ನಿಮ್ಮ ಆಸೆಗೆ ಅಡ್ಡ ಬರುವುದಿಲ್ಲ. ಲಕ್ಷದ್ವೀಪ ನೋಡಿ ಬನ್ನಿ, ಗುಲಾಬಿ ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಹಳೆಯ ಫ್ಯಾನನ್ನು ಮಾತ್ರ ಗುಜರಿಗೆ ಕೊಡಬೇಡಿ. ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿ, ದೋಣಿಯ ಮುಂದಿನ ಮಂಚದ ಅಡಿಯ ಗೂಡಿನಲ್ಲಿ ಇಡಿ. ಜೊತೆಗೆ ನಿಮ್ಮ ಕೈಬರಹದಲ್ಲಿ ಒಂದು ಚೀಟಿ ಇಡಿ: ಈ ದೋಣಿ ಎಡಕ್ಕೆ ತಿರುಗುವುದು ಅದರ ಹುಟ್ಟುಗುಣ, ಅದರಿಂದ ಯಾರೂ ಸತ್ತಿಲ್ಲ. ನಾನು ಹೇಳದೆ ಉಳಿದದ್ದನ್ನು ನೀವು ಹೇಳಿ. ಹಿರಿಯರು ಇಟ್ಟುಹೋದದ್ದನ್ನು, ಹಿರಿಯರು ಬರೆದದ್ದನ್ನು ಅಪ್ಪಯ್ಯ ನೀರಿಗೆ ಹಾಕುವವರಲ್ಲ.

ಈ ಓಲೆ ನಿಮಗೆ ಸಿಕ್ಕಿ ನೀವು ಹಾಗೆ ಮಾಡಿದ್ದರೆ ಆ ಫ್ಯಾನು ಈಗಲೂ ಆ ಗೂಡಿನಲ್ಲಿ ಇರಬೇಕು. ಬರೆಯಲು ಕೂರುವ ಮೊದಲು ಗೂಡಿನ ಹಲಗೆ ಎತ್ತಿ ನೋಡಿದ್ದೆ, ಖಾಲಿ ಇತ್ತು. ಬೇಡಿಕೆ ಬರೆದು ಮುಗಿಸಿ, ಲೇಖನಿ ಕೆಳಗಿಟ್ಟು, ಈಗಷ್ಟೇ ಇನ್ನೊಮ್ಮೆ ಹೋಗಿ ನೋಡಿ ಬಂದೆ, ಇನ್ನೂ ಖಾಲಿ. ಭರಣಿಯನ್ನು ನೀರಿಗೆ ಬಿಟ್ಟ ಮೇಲೆ ಕೊನೆಯ ಸಲ ನೋಡುತ್ತೇನೆ.

ನಿಮ್ಮ ಲಚ್ಚಿ