ನರ್ಸಮ್ಮನ ಅಟ್ಟದ ಹಸಿರು ಪೆಟ್ಟಿಗೆ

ಅಳಿಯಂದಿರೇ,

ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ಕೀ ಕೊಡುವ ಗ್ರಾಮೋಫೋನ್ ಇನ್ನೊಂದು ಸಿಕ್ಕಿದೆ! ತರಲು ನಾನೂ ನಿಮ್ಮಾಕೆಯೂ ಕಾರಿನಲ್ಲಿ ಹೊರಟಿದ್ದೇವೆ.

ನನ್ನ ವಾಕಿಂಗ್ ಗೆಳತಿ ನರ್ಸಮ್ಮ ಈಗಷ್ಟೇ ಫೋನ್ ಮಾಡಿ, "ಅಟ್ಟ ಕ್ಲೀನ್ ಮಾಡ್ತಿದ್ದೆ ಕಣೇ. ಸೂಟ್‌ಕೇಸ್ ಅಂತ ತೆಗೆದ್ರೆ ಒಳಗೆ ಹಾಡೋ ಪೆಟ್ಟಿಗೆ! ಗುಜರಿಯವನು ಗೇಟಲ್ಲೇ ನಿಂತಿದಾನೆ" ಎಂದಳು. ಹಸಿರು ಬಣ್ಣವಂತೆ. ಮುಚ್ಚಳದ ಒಳಗೆ ರೆಕಾರ್ಡ್ ಇಡುವ ಜೇಬೂ ಇದೆಯಂತೆ. ಎರಡು ವರ್ಷದಿಂದ ನೀವು ಹುಡುಕುತ್ತಿದ್ದದ್ದು ಅದೇ ಅಲ್ಲವೇ?

ಊಟ ಮುಚ್ಚಿಟ್ಟಿದ್ದೇನೆ. ಉಂಡ ಮೇಲೆ ಟೇಬಲ್ ಖಾಲಿ ಮಾಡಿ, ನಿಮ್ಮ ಕಪ್ಪು ಮತ್ತು ನೀಲಿ ಪೆಟ್ಟಿಗೆಗಳನ್ನು ತಂದಿಡಿ. ಹೊಸ ಸೂಜಿ ಹಾಕಿ. ಮೂರರಲ್ಲೂ ಒಂದೇ ರೆಕಾರ್ಡ್ ಹಾಕಿ ನೋಡೋಣ. ಕೆಂಪು ಪೆಟ್ಟಿಗೆ ಬೇಡವೇ ಬೇಡ. ಅರ್ಧಕ್ಕೇ ಸ್ಪ್ರಿಂಗ್ ಸುಸ್ತಾಗಿ, ಹಾಡುವ ಹೆಂಗಸು ಗಂಡಸಾಗಿಬಿಡುತ್ತಾಳೆ.

ನನಗೆ ಹೇಗೆ ಗೊತ್ತು ಎನ್ನುತ್ತೀರಾ? ನಿನ್ನೆ ನೀವು ಕೆಲಸಕ್ಕೆ ಹೋದಾಗ ಕೆಂಪೂ ಸೇರಿ ನಿಮ್ಮ ಮೂರು ಪೆಟ್ಟಿಗೆಗೂ ನಾನೇ ಕೀ ಕೊಟ್ಟು ಕೇಳಿದೆ. ನೀಲಿಯೇ ಮೇಲು ಎಂದು ನೀವು ಊರಿಗೆಲ್ಲ ಸಾರುತ್ತೀರಿ, ಕ್ಷಮಿಸಿ, ಕಪ್ಪಿನ ಮುಂದೆ ಅದು ಸೊಳ್ಳೆ ಗುಂಯ್‌ಗುಟ್ಟಿದ ಹಾಗಿದೆ. ಬೈಯುವುದಿದ್ದರೆ ಸಂಜೆ ಬೈಯಿರಿ.

ಮಗಳು ಹಾರ್ನ್ ಹೊಡೆಯುತ್ತಿದ್ದಾಳೆ. ಒಂದು ಚಪ್ಪಲಿ ಸಿಗುತ್ತಿಲ್ಲ.

ನಾನಿಲ್ಲಿಗೆ ಬಂದು ಆರು ತಿಂಗಳಾಯಿತು. ಯಾರು ಕೇಳಿದರೂ "ಅಳಿಯನ ಮನೇಲಿದೀನಿ" ಎನ್ನುತ್ತಿದ್ದೆ. ಇವತ್ತು ಆ ಗುಜರಿಯವನ ಭಯಕ್ಕೆ, "ಕೊಡಬೇಡ ಕಣೇ, ಅದು ನಮ್ಮನೆಗೆ ಬೇಕು!" ಎಂದು ಫೋನಿನಲ್ಲಿ ಕೂಗಿಬಿಟ್ಟೆ. ನಿಮ್ಮಾಕೆ ಅದನ್ನು ಕೇಳಿಸಿಕೊಂಡು ಒಮ್ಮೆ ಅತ್ತಳು, ಆಮೇಲೆ ಕಾರಿನ ಕೀ ಹುಡುಕಿದಳು.

ನಿಮ್ಮ ಅತ್ತೆ